ವಂಶವೃಕ್ಷದಿಂದ ಹೊರಬಿದ್ದ ಅಳಿಯ

ನಿಮ್ಮ ಮಾವನವರೂ ಆತ್ಮಕಥೆ ಬರೆದಿರಬೇಕಲ್ಲ? ಇನ್ನೂ ಬರೆದಿಲ್ಲವಾದರೆ ಅವರಿನ್ನೂ ರಿಟೈರ್ ಆಗಿಲ್ಲ ಅಂತ ಅರ್ಥ, ಸ್ವಲ್ಪ ಕಾಯಿರಿ. ನಮ್ಮ ಮಾವನವರು ತಿಪಟೂರಿನ ಕಡೆ ಹೆಡ್‌ಮಾಸ್ಟರಾಗಿದ್ದವರು. ನಿವೃತ್ತಿಯಾದ ಮಾರನೇ ದಿನವೇ ಉದ್ದ ನೋಟ್‌ಬುಕ್ಕು ಹಿಡಿದು ಕೂತವರು ಸಹಸ್ರಚಂದ್ರದರ್ಶನದ ಹೊತ್ತಿಗೆ ಬರೆದು ಮುಗಿಸಿದರು. ಶಾಂತಿಯ ದಿನವೇ ಪುಸ್ತಕ ಬಿಡುಗಡೆ ಅಂತ ಮನೆಮಂದಿಯೆಲ್ಲ ಊಟಕ್ಕೆ ಕೂತಾಗ ತೀರ್ಮಾನವೂ ಆಯಿತು.

"ಪ್ರಿಂಟಿಂಗ್ ಖರ್ಚು ಪೂರ್ತಿ ನಂದು" ಅಂದ ನನ್ನ ಷಡ್ಡಕ.

ಷಡ್ಡಕ ಅಂದರೆ ಏನು ಅಂತ ಮದುವೆಯಾದ ಗಂಡಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮನೆಯ ಫ್ರಿಜ್ಜಿಗಿಂತ ಒಂದು ಬಾಗಿಲು ಹೆಚ್ಚಿರುವ ಫ್ರಿಜ್ಜು ಅವನ ಮನೆಯಲ್ಲಿರುತ್ತದೆ. ಅತ್ತೆ ಆ ಮಾತು ಕೇಳಿದ ಕೂಡಲೇ ಅವನ ಎಲೆಗೆ ಇನ್ನೊಂದು ಕಾಯಿಹೋಳಿಗೆ ಹಾಕಿ ಮೇಲೆ ತುಪ್ಪ ಸುರಿದರು. ನನ್ನ ಎಲೆಯ ಹೋಳಿಗೆಗೆ ತುಪ್ಪ ಬಿದ್ದಿರಲಿಲ್ಲ. ಅಲ್ಲೇ ನನ್ನ ಬುದ್ಧಿ ಕೆಟ್ಟದ್ದು.

"ಕಾಗದದ ಪುಸ್ತಕ ಈಗ ಯಾರು ಓದ್ತಾರೆ? ನಾನು ಇ-ಬುಕ್ ಮಾಡ್ತೀನಿ. ಅಮೆರಿಕದಲ್ಲಿರೋರೂ ಅದೇ ನಿಮಿಷಕ್ಕೆ ಓದಬಹುದು. ನಯಾಪೈಸೆ ಖರ್ಚಿಲ್ಲ" ಅಂದೆ.

ಮಾವನವರು ಕನ್ನಡಕದ ಮೇಲಿಂದ ನೋಡಿದರು. "ಅಳಿಯಂದ್ರಿಗೆ ಅದು ಬರುತ್ತೋ?"

"ಅವರಿಗೆ ಎಲ್ಲಾ ಬರುತ್ತೆ ಅಪ್ಪಾ. ಗೀಸರ್ ರಿಪೇರಿ ಕೂಡ" ಅಂದಳು ನನ್ನಾಕೆ. ಗೀಸರಿನ ಕಥೆ ಈಗ ಬೇಡ.

ತಿಪಟೂರಿನ ಡಿಟಿಪಿ ಹುಡುಗ ನೋಟ್‌ಬುಕ್ಕುಗಳನ್ನೆಲ್ಲ ಟೈಪ್ ಮಾಡಿ ಪೆನ್‌ಡ್ರೈವಿನಲ್ಲಿ ಕೊಟ್ಟಿದ್ದ. ಮೈಸೂರಿಗೆ ಬಂದು ಲ್ಯಾಪ್‌ಟಾಪಿಗೆ ಚುಚ್ಚಿ ತೆರೆದೆ. ಒಂದಾದರೂ ಕನ್ನಡ ಅಕ್ಷರ ಇದ್ದರೆ ಕೇಳಿ. ತಲೆ ಮೇಲೆ ಗೆರೆ, ಉಂಗುರ ಹೊತ್ತುಕೊಂಡ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡಿನ ಚಿಹ್ನೆ, ಯೆನ್ನಿನ ಚಿಹ್ನೆ. ಮಗಳು ಬಗ್ಗಿ ನೋಡಿ, "ತಾತ ಇಷ್ಟೊಂದು ಫಾರಿನ್ ದುಡ್ಡು ಯಾವಾಗ ಮಾಡಿದ್ರಪ್ಪಾ?" ಅಂದಳು.

ಹುಡುಗ ಬಳಸಿದ್ದು ಹಳೆಯ ನುಡಿ ಫಾಂಟು. ಆ ಕಾಲದ ಫಾಂಟುಗಳು ಇಂಗ್ಲಿಷ್ ಮತ್ತಿತರ ಚಿಹ್ನೆಗಳ ಜಾಗದಲ್ಲೇ ಕನ್ನಡದ ಚೂರುಗಳನ್ನು ಕೂರಿಸಿಕೊಂಡಿದ್ದವು. ಪೌಂಡು ಇದ್ದ ಜಾಗದಲ್ಲಿ ನ, ಯೆನ್ ಇದ್ದ ಜಾಗದಲ್ಲಿ ಪ. ಫಾಂಟು ಇರುವ ಕಂಪ್ಯೂಟರಿನಲ್ಲಿ ಮುದ್ದಾದ ಕನ್ನಡ, ಇಲ್ಲದ ಕಡೆ ವಿದೇಶಿ ವಿನಿಮಯ. ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಜಾಗ ಮೀಸಲಿಟ್ಟಿತ್ತು, ನಿಜ. ಆದರೆ ನಮ್ಮ ಅಚ್ಚಿನ ಮನೆಗಳು ನೆಚ್ಚಿಕೊಂಡಿದ್ದ ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡ ಒಗ್ಗದು. ಹೀಗಾಗಿ ಪುಸ್ತಕಗಟ್ಟಲೆ ಕನ್ನಡ ಇವತ್ತಿಗೂ ಪೌಂಡು, ಯೆನ್ನುಗಳಲ್ಲೇ ಬಿದ್ದಿದೆ.

ಇದನ್ನು ಯೂನಿಕೋಡಿಗೆ ದಾಟಿಸಲು ಪರಿವರ್ತಕಗಳಿವೆ. ನಾನು ಎಲ್ಲಿಂದಲೋ ಇಳಿಸಿಕೊಂಡದ್ದಕ್ಕೆ ಅರ್ಕಾವತ್ತು ಕಂಡರಾಗದು. ಹಳೇ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ಹಿಂದೆ ಬರುತ್ತದೆ, ಯೂನಿಕೋಡಿನಲ್ಲಿ ಅದನ್ನು ಎತ್ತಿ ಮುಂದಕ್ಕೆ ಇಡಬೇಕು. ಎತ್ತುವಾಗ ಅದು ಕೈಬಿಟ್ಟಿತು. ಮಾವನವರ ಧರ್ಮಪತ್ನಿ ಧಮಪತ್ನಿಯಾದರು. ಅವರು ಜೀವಮಾನವಿಡೀ ಕಾಪಾಡಿಕೊಂಡು ಬಂದ ಮರ್ಯಾದೆ ಪುಟಪುಟದಲ್ಲೂ ಮಯಾದೆಯಾಗಿ ನಿಂತಿತ್ತು. ಇನ್ನೊಂದು ಕಾಟ, ಆ ಫಾಂಟಿನಲ್ಲಿ ಮ ಅಂದರೆ ವ-ಕ್ಕೆ ಒಂದು ಬಾಲ ಅಂಟಿಸಿದ್ದು. ಬಾಲ ಉದುರಿದ ಕಡೆಯೆಲ್ಲ ಮ ಹೋಗಿ ವ ಬಂದಿತ್ತು. "ನಮ್ಮ ಹಿತ್ತಲಿನಲ್ಲಿ ಹದಿನೆಂಟು ತೆಂಗಿನ ವರಗಳಿದ್ದವು" ಅನ್ನುವ ಸಾಲು ಓದಿ ನನ್ನಾಕೆ, "ಇದ್ದಿದ್ರೆ ನಾನು ಅದರಲ್ಲೇ ಒಂದನ್ನ ಆರಿಸ್ಕೋತಿದ್ದೆ" ಅಂದಳು.

ಇಂಥ ಸಣ್ಣಪುಟ್ಟದ್ದಕ್ಕೆಲ್ಲ ಹೆದರುವ ಜಾಯಮಾನ ನನ್ನದಲ್ಲ. ಒಂದೊಂದಾಗಿ ತಿದ್ದುತ್ತ ಕೂರುವುದು ದಡ್ಡರ ಕೆಲಸ ಅಂದುಕೊಂಡು, ಪುಸ್ತಕದಲ್ಲಿರುವ "ವರ"ಗಳನ್ನೆಲ್ಲ "ಮರ" ಮಾಡು ಅಂತ ಕಂಪ್ಯೂಟರಿಗೆ ಒಂದೇ ಏಟಿಗೆ ಆಜ್ಞೆ ಕೊಟ್ಟೆ. ಅದು ವಿಧೇಯ ಯಂತ್ರ. "ಅವರ" ಇದ್ದ ಕಡೆಯೆಲ್ಲ "ಅಮರ" ಆಯಿತು. "ದೇವರು" ಹೋಗಿ "ದೇಮರು" ಬಂದರು. ಹೆತ್ತವರು ಹೆತ್ತಮರಾದರು. ನಾದಿನಿಯ ಮದುವೆಯ ಅಧ್ಯಾಯದಲ್ಲಿ ಮಂಟಪಕ್ಕೆ ಮರ ಬಂದು ತಾಳಿ ಕಟ್ಟಿತು. ನನ್ನ ಷಡ್ಡಕನ ವಿಷಯ ಅದಾದ್ದರಿಂದ ಅದೊಂದನ್ನು ತಿದ್ದಲು ನನಗೆ ಬಹಳ ಹೊತ್ತು ಮನಸ್ಸೇ ಬರಲಿಲ್ಲ.

ಅಂತೂ ಅಕ್ಷರ ಒಂದು ಹದಕ್ಕೆ ಬಂದ ಮೇಲೆ ಇ-ಪಬ್ ಕಟ್ಟಲು ಕೂತೆ. ಇ-ಪಬ್ ಅಂದರೆ ನೀವು ತಿಳಿದಂತೆ ಪುಸ್ತಕವಲ್ಲ, ಒಂದು ಜಿಪ್ ಗಂಟು. ಬಿಚ್ಚಿದರೆ ಒಳಗೆ ವೆಬ್‌ಪುಟಗಳು, ಅವುಗಳ ಅಲಂಕಾರದ ಫೈಲು, ಚಿತ್ರ, ಫಾಂಟು, ಯಾವುದಾದ ಮೇಲೆ ಯಾವುದು ಅನ್ನುವ ಪಟ್ಟಿ. ಯಾವ ಪೂಜೆಗೂ ಮೊದಲು ಗಣಪತಿ ಇರುವ ಹಾಗೆ ಎಲ್ಲಕ್ಕಿಂತ ಮೊದಲು "ನಾನು ಇ-ಪಬ್" ಅಂತ ಹೇಳುವ 20 ಅಕ್ಷರದ ಒಂದು ಪುಟಾಣಿ ಫೈಲು ಕೂರಬೇಕು, ಉಳಿದದ್ದನ್ನು ಬೇಕಾದಷ್ಟು ಕುಗ್ಗಿಸಿ, ಅದನ್ನು ಮಾತ್ರ ಕುಗ್ಗಿಸಕೂಡದು. ಒಂದೇ ಪುಸ್ತಕ ಎಲ್ಲ ಯಂತ್ರಗಳಲ್ಲೂ ಓದುವಂತಿರಲಿ ಎಂಬ ಸದುದ್ದೇಶದಿಂದ 2007ರಲ್ಲಿ ಈ ಮಾನಕ ಮಾಡಿದರು. 2011ರಲ್ಲಿ ಮೂರನೇ ಆವೃತ್ತಿ ತಂದರು. 2017ರಲ್ಲಿ ವೆಬ್ಬಿನ ಕಾನೂನು ಬರೆಯುವ ಡಬ್ಲ್ಯು3ಸಿ ಇದನ್ನೂ ಮಡಿಲಿಗೆ ಹಾಕಿಕೊಂಡಿತು. ಕಾನೂನು ಬರೆಯುವವರ ಕಡೆಯಿಂದ ಯಾವ ಲೋಪವೂ ಇಲ್ಲ. ನಮ್ಮ ಮನೆಯಲ್ಲೂ ಕಾನೂನಿಗೇನು ಕೊರತೆ, ಒದ್ದೆ ಟವೆಲ್ಲು ಮಾತ್ರ ಮಂಚದ ಮೇಲೇ ಇರುತ್ತದೆ.

ಕೆಲಸಕ್ಕೆ ಸಿಕ್ಕ ಸಾಧನ ಕ್ಯಾಲಿಬರ್. ಕೋವಿಡ್ ಗೋಯಲ್ ಎಂಬವರು 2006ರಿಂದ ಬೆಳೆಸಿಕೊಂಡು ಬಂದ ಬಿಟ್ಟಿ ತಂತ್ರಾಂಶ. ತಾವು ಕೊಂಡ ಓದುಯಂತ್ರ ತಮ್ಮ ಲಿನಕ್ಸ್ ಕಂಪ್ಯೂಟರಿನ ಜತೆ ಹೊಂದಿಕೊಳ್ಳಲಿಲ್ಲವೆಂದು ಅವರು ಇದನ್ನು ಶುರುಮಾಡಿದ್ದಂತೆ. ಮಹಾನುಭಾವರಿಗೂ ಹೀಗಾಗುತ್ತದಲ್ಲ ಅಂತ ನನಗೆ ಎಷ್ಟು ಸಮಾಧಾನವಾಯಿತೆಂದರೆ ರಾತ್ರಿ ಒಂದು ಗಂಟೆಯವರೆಗೆ ಕೂತೆ. ಫೋನಿನಲ್ಲಿ ಅತ್ತೆ ಮಗಳನ್ನು ವಿಚಾರಿಸಿದರಂತೆ: "ಅಳಿಯಂದ್ರು ಸರಿಹೊತ್ತಿನ ತನಕ ಪಬ್ಬು ಪಬ್ಬು ಅಂತಿರ್ತಾರಂತೆ, ಪುಟ್ಟಿ ಹೇಳಿದ್ಲು. ನಿಂಗೆ ಮೊದಲೇ ಗೊತ್ತಿತ್ತಾ?"

ತಪ್ಪು ಹುಡುಕಲು ಇ-ಪಬ್‌ಚೆಕ್ ಎಂಬ ಇನ್ನೊಂದು ಸಾಧನವಿದೆ. ಅದಕ್ಕೂ ಮಾವನವರಿಗೂ ಒಂದೇ ಸ್ವಭಾವ, ಹೊಗಳಿದ್ದು ಯಾರೂ ಕೇಳಿಲ್ಲ. ಅದು ಹೇಳಿದ್ದನ್ನೆಲ್ಲ ತಿದ್ದಿ, ಕೊನೆಗೆ ಅದು ಬಾಯಿ ಮುಚ್ಚಿದ ದಿನ ನನ್ನ ಕಲಾಪ್ರಜ್ಞೆ ಬಾಯಿ ತೆರೆಯಿತು. ಅಧ್ಯಾಯಗಳ ತಲೆಬರಹ ಕೆಂಪು. ಉಳಿದ ಅಕ್ಷರ ಅಚ್ಚ ಕಪ್ಪು. ಪ್ರತಿ ಅಧ್ಯಾಯದ ಮೊದಲ ಅಕ್ಷರ ಮೂರು ಸಾಲಿನ ಎತ್ತರ. ಸಾಲುಗಳ ನಡುವೆ ಅಚ್ಚುಕಟ್ಟಾದ ಅಳತೆ. ಮುಖಪುಟದಲ್ಲಿ ಮಾವನವರ ಹೆಸರು, ಅದರ ಕೆಳಗೆ "ಇ-ಪುಸ್ತಕ ವಿನ್ಯಾಸ" ಅಂತ ನನ್ನ ಹೆಸರು. ಎರಡರಲ್ಲಿ ಯಾವುದು ದೊಡ್ಡದಾಗಿತ್ತು ಅನ್ನುವುದು ಈಗ ಮುಖ್ಯವಲ್ಲ. ಲ್ಯಾಪ್‌ಟಾಪಿನಲ್ಲಿ ತೆರೆದರೆ, ಅಬ್ಬಾ, ನನಗೇ ದೃಷ್ಟಿಯಾಗುವಂತಿತ್ತು.

ನನ್ನಾಕೆಯನ್ನು ಕರೆದು ತೋರಿಸಿದೆ. ಸೌಟು ಹಿಡಿದುಕೊಂಡೇ ನೋಡಿ, "ಚೆನ್ನಾಗಿದೆ. ಕುಕ್ಕರ್ ಎಷ್ಟು ಕೂಗ್ತು?" ಅಂದಳು.

ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಪುಸ್ತಕ ಹಾಕಿ, ಹೊಗಳಿಕೆಗೆ ಕಾಯುತ್ತ ಕಾಲು ಚಾಚಿ ಕೂತೆ. ಮೊದಲ ಫೋನು ಷಡ್ಡಕನದು.

"ಭಾವ, ಇದು ಕನ್ನಡ ತಾನೇ?"

ಅವನ ಹತ್ತಿರ ಯಾವುದೋ ಕಾಲದ ಬೆಲೆಬಾಳುವ ಓದುಯಂತ್ರ. ಅದಕ್ಕೆ ಕನ್ನಡದ ಅಕ್ಷರ ಗೊತ್ತು, ಜೋಡಿಸಲು ಗೊತ್ತಿಲ್ಲ. ಒತ್ತಕ್ಷರಗಳೆಲ್ಲ ಕೆಳಗಿಳಿಯದೆ ಪಕ್ಕದಲ್ಲೇ ಸಾಲಾಗಿ ನಿಂತಿದ್ದವು. ಇಳಿ, ಕೊಂಬುಗಳು ಆಸರೆಯಿಲ್ಲದೆ ಚುಕ್ಕಿಯುಂಗುರಗಳಿಗೆ ಜೋತುಬಿದ್ದಿದ್ದವು. ಅವನು ಬೇಕೆಂದೇ ಒಂದು ಪ್ಯಾರಾ ಜೋರಾಗಿ ಓದಿ ಹೇಳಿದ. ಹಿಂದೆ ನಾದಿನಿ ನಗುತ್ತಿದ್ದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ನ್ಯೂಜೆರ್ಸಿಯಿಂದ ಭಾವಮೈದ ಕರೆದ. "ಭಾವ, ಈ ಷಾಮ ಯಾರು?"

ಪುಸ್ತಕ ಶುರುವಾಗುವುದೇ "ಕ್ಷಾಮದ ವರ್ಷ ನಾನು ಹುಟ್ಟಿದೆ" ಅಂತ. ಮೊದಲ ಅಕ್ಷರ ದೊಡ್ಡದು ಮಾಡು ಅಂದರೆ ಅವನ ಆ್ಯಪು ಕ್ಷಾ-ವನ್ನು ಒಡೆದು, "ಕ್" ಅನ್ನುವಷ್ಟನ್ನೇ ಮೂರು ಸಾಲು ಎತ್ತರಿಸಿ, "ಷಾಮ"ನನ್ನು ಪಕ್ಕದಲ್ಲಿ ಬಿಟ್ಟಿತ್ತು. ಅಪ್ಪನಿಗೆ ಷಾಮ ಎಂಬ ಬಾಲ್ಯದ ಗೆಳೆಯ ಇದ್ದನೇನೋ ಅಂದುಕೊಂಡು ಆ ಹುಡುಗ ಅರ್ಧ ಪುಸ್ತಕ ಅವನಿಗಾಗಿ ಹುಡುಕಿದ್ದಾನೆ.

ಸಾಲುಗಳ ನಡುವಿನ ಅಳತೆಯನ್ನು ಇಂಗ್ಲಿಷಿನ ಲೆಕ್ಕದಲ್ಲಿ ಬಿಗಿಮಾಡಿದ್ದರಿಂದ ಕೆಲವರ ಮೊಬೈಲಿನಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಢಿಕ್ಕಿ ಹೊಡೆಯಿತು. ಕಣ್ಣಿಗೆ ಕಾಣದ ಒಂದು ಕೂಡಿಸುವ ಚಿಹ್ನೆ ಎಲ್ಲೋ ಕಳಚಿ, ಮಾವನವರು ಎಸ್ಸೆಸ್ಸೆಲ್ಸಿಯಲ್ಲಿ ಪಡೆದ ರ‍್ಯಾಂಕು "ರ್ಯಾಂಕು" ಆಯಿತು. ಚಿಕ್ಕಪ್ಪ ಒಬ್ಬರ ಫೋನು ಇದನ್ನು ಜಿಪ್ ಎಂದೇ ಗುರುತಿಸಿ, ಪೂರ್ತಿ ಬಿಚ್ಚಿ ಹರಡಿತು. "ನಂಗೆ ಪುಸ್ತಕ ಒಂದು ಕಳಿಸು ಅಂದ್ರೆ ಸಾಮಾನಿನ ಪಟ್ಟಿ ಎಲ್ಲಾ ಕಳಿಸಿದೀಯಲ್ಲೋ" ಅಂದರು. ಇವೆಲ್ಲ ಚಿಲ್ಲರೆ.

ನಿಜವಾದ ಅನಾಹುತ ಸೋದರತ್ತೆಯದು, ಅಂದರೆ ಮಾವನವರ ತಂಗಿ. ಅವರಿಗೆ ಕಣ್ಣಿನ ಆಪರೇಷನ್ ಆಗಿರುವುದರಿಂದ ಮೊಮ್ಮಗ ಅವರ ಟ್ಯಾಬನ್ನು ರಾತ್ರಿ ಹೊತ್ತು ಕಪ್ಪು ಹಿನ್ನೆಲೆಗೆ ತಿರುಗಿಸಿಕೊಡುತ್ತಾನೆ. ಆಗ ಅಕ್ಷರಗಳು ತಾವಾಗಿ ಬೆಳ್ಳಗಾಗಬೇಕು. ನಾನು ಮುತುವರ್ಜಿಯಿಂದ "ಅಕ್ಷರ ಕಪ್ಪೇ ಇರತಕ್ಕದ್ದು" ಅಂತ ಬರೆದಿಟ್ಟಿದ್ದೆನಲ್ಲ, ಕಪ್ಪಿನ ಮೇಲೆ ಕಪ್ಪು. ಕೆಂಪು ತಲೆಬರಹಗಳು ಮಾತ್ರ ಹೊಳೆಯುತ್ತಿದ್ದವು. ಸೋದರತ್ತೆ ನೇರವಾಗಿ ತೆರೆದದ್ದು "ಪಿತ್ರಾರ್ಜಿತ ಆಸ್ತಿ ಹಂಚಿಕೆಯಾದ ಬಗೆ" ಎಂಬ ಅಧ್ಯಾಯ.

"ನನ್ನ ಪಾಲಿನ ತೆಂಗಿನ ತೋಟದ ವಿಷಯ ಬಂದ ತಕ್ಷಣ ಪುಟಕ್ಕೆಲ್ಲ ಮಸಿ ಬಳಿದಿದಾನೆ ನಿನ್ನ ಮಾವ" ಅಂತ ಬೆಳಗಿನ ಜಾವ ಐದಕ್ಕೆ ಫೋನು ಮಾಡಿದರು. "ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಇನ್ನು ಲಾಯರ್ ಕೈಲಿ ಮಾತಾಡಿಸ್ತೀನಿ."

ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ಮಾವನವರು ಒಪ್ಪೋಲೆ ಕಳಿಸಿದರು. ಕೆಂಪು ಪೆನ್ಸಿಲಿನಲ್ಲಿ ತಿದ್ದುಪಡಿಗಳ ಪಟ್ಟಿ: "ಪುಟ 212, ಸಾಲು 7, 'ವಿಧ್ಯಾರ್ಥಿ' ತಪ್ಪು." ನನ್ನ ಲ್ಯಾಪ್‌ಟಾಪಿನಲ್ಲಿ ಇಡೀ ಪುಸ್ತಕಕ್ಕೇ 190 ಪುಟ. ಫೋನು ಮಾಡಿ, ಮಾವ, ಇದರಲ್ಲಿ ಪುಟಸಂಖ್ಯೆಗೆ ಅರ್ಥವಿಲ್ಲ, ತೆರೆಯ ಅಗಲ, ಅಕ್ಷರದ ಗಾತ್ರ ನೋಡಿಕೊಂಡು ಪುಟ ಬದಲಾಗುತ್ತೆ ಅಂತ ವಿವರಿಸಿದೆ.

"ಅಂದ್ರೆ ನಾನು ಓದೋ ಪುಟ 212 ಬೇರೆ, ನೀವು ಓದೋದು ಬೇರೆ?"

"ಹೌದು ಮಾವ."

"ನಲವತ್ತು ಮಕ್ಕಳ ಕ್ಲಾಸಲ್ಲಿ ಪಾಠ ಹೇಗೆ ಮಾಡ್ತೀರಿ ಅಳಿಯಂದ್ರೇ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಅಷ್ಟಕ್ಕೆ ಬಿಡುವವರಲ್ಲ. ನನಗೆ ಅನುಕೂಲವಾಗಲಿ ಅಂತ ಅಕ್ಷರ ಒಂದು ಸುತ್ತು ದೊಡ್ಡದು ಮಾಡಿಕೊಂಡು ಹೊಸ ಪಟ್ಟಿ ಬರೆದು ಕಳಿಸಿದರು. ಹಿಂದಿನ ಪಟ್ಟಿಯ 212 ಹೊಸ ಪಟ್ಟಿಯಲ್ಲಿ 287.

ಈಗ ವಂಶವೃಕ್ಷಕ್ಕೆ ಬರೋಣ. ಪುಸ್ತಕದ ಕೊನೆಯಲ್ಲಿ ಮಾವನವರು ಏಳು ತಲೆಮಾರಿನ ವಂಶವೃಕ್ಷ ಕೊಟ್ಟಿದ್ದರು. ನಾನು ಅದನ್ನು ಕೋಷ್ಟಕದಲ್ಲಿ ಕೂರಿಸಿದ್ದೆ. ಲ್ಯಾಪ್‌ಟಾಪಿನಲ್ಲಿ ಒಬ್ಬರಿಗೊಬ್ಬರು ಕೈ ಹಿಡಿದು ನೆಟ್ಟಗೆ ನಿಂತಿದ್ದ ಕುಟುಂಬ ಮೊಬೈಲಿನ ಕಿರಿದಾದ ತೆರೆಯಲ್ಲಿ ಹೊಂದದೆ ಒಬ್ಬರ ಕೆಳಗೊಬ್ಬರು ಕುಸಿಯಿತು. ಅರಸೀಕೆರೆಯ ದೊಡ್ಡಪ್ಪ ತಮ್ಮ ಸ್ವಂತ ಭಾವಮೈದುನನಿಗೆ ಮಗನಾಗಿ ಬಿದ್ದರು. ಚಿಕ್ಕಮ್ಮ ಒಬ್ಬರಿಗೆ ಇಬ್ಬರು ಗಂಡಂದಿರಾದರು, ಅವರ ಗಂಡನಿಗೆ ಯಾರೂ ಉಳಿಯಲಿಲ್ಲ. ಇನ್ನು ಮಾವನವರ ಟ್ಯಾಬಿನಲ್ಲಿ ಕೋಷ್ಟಕ ಕುಸಿಯಲಿಲ್ಲ, ಬಲ ಅಂಚಿಗೆ ಬಂದು ಕತ್ತರಿಸಿ ನಿಂತಿತು. ಹಿರಿಯ ಮಗಳು ಇದ್ದಳು, ಅವಳ ಮುಂದೆ ಗೆರೆಯೂ ಇತ್ತು, ಗೆರೆಯ ತುದಿಯಲ್ಲಿ ಇರಬೇಕಾದ ನಾನು ಗಾಜಿನಾಚೆ. ಷಡ್ಡಕನ ಹೆಸರು ಮೂರಕ್ಷರದ್ದು, ಸಲೀಸಾಗಿ ಒಳಗೆ ಹಿಡಿದಿತ್ತು. ಹಿಂದುಮುಂದಾಗಿ ಹುಟ್ಟಿದ್ದಕ್ಕೆ ಅಲ್ಲ, ನಮ್ಮಪ್ಪ ನನಗೆ ಅಜ್ಜನ ಹೆಸರು, ದೇವರ ಹೆಸರು ಎರಡನ್ನೂ ಸೇರಿಸಿ ಇಟ್ಟಿದ್ದಕ್ಕೆ ನಾನು ಅತ್ತೆಮನೆಯ ಇತಿಹಾಸದಿಂದ ಹೊರಬಿದ್ದೆ.

ವಂಶವೃಕ್ಷವನ್ನೇ ಚಿತ್ರ ಮಾಡಿ ಹಾಕಿದೆ. ಚಿತ್ರ ಕುಸಿಯುವುದಿಲ್ಲವಲ್ಲ! ಕುಸಿಯಲಿಲ್ಲ, ಕುಗ್ಗಿತು. ಏಳು ತಲೆಮಾರು ಹೆಬ್ಬೆಟ್ಟಿನಗಲಕ್ಕೆ ಬಂದು, ಹೆಸರುಗಳೆಲ್ಲ ಸಾಸಿವೆ ಕಾಳಾದವು. ಹಿನ್ನೆಲೆ ಪಾರದರ್ಶಕವಾಗಿದ್ದರೆ ನೋಡಲು ಲಕ್ಷಣ ಅಂತ ಹಾಗೇ ಬಿಟ್ಟಿದ್ದೆ. ಸೋದರತ್ತೆಯ ಕಪ್ಪು ಟ್ಯಾಬಿನಲ್ಲಿ ಹೆಸರುಗಳ ಬಿಳಿ ಚೌಕಗಳು ಉಳಿದು ಸಂಬಂಧದ ಗೆರೆಗಳೆಲ್ಲ ಮಾಯವಾದವು. ಅವರು ಈ ಸಲ ಕೋಪಿಸಿಕೊಳ್ಳಲಿಲ್ಲ. "ಇದು ಸರಿಯಾಗಿದೆ ಕಣೋ. ಆಸ್ತಿ ಹಂಚಿದ ಮೇಲೆ ನಮ್ಮಲ್ಲಿ ಯಾರಿಗೆ ಯಾರು" ಅಂದರು.

ಸಮಾರಂಭದ ಹಿಂದಿನ ರಾತ್ರಿಯ ಹೊತ್ತಿಗೆ ನಾನು ಕಲೆಯನ್ನೆಲ್ಲ ಕಿತ್ತೊಗೆದಿದ್ದೆ. ಬಣ್ಣ ಇಲ್ಲ, ದೊಡ್ಡಕ್ಷರ ಇಲ್ಲ, ಅಳತೆ ಇಲ್ಲ, ಎಲ್ಲವೂ ಆಯಾ ಯಂತ್ರದ ಚಿತ್ತ. ಮುಖಪುಟದ ನನ್ನ ಹೆಸರನ್ನು ನನ್ನಾಕೆ ಮೊದಲೇ ತೆಗೆಸಿದ್ದಳು. ಇ-ಪಬ್‌ಚೆಕ್ ಒಂದೂ ತಪ್ಪಿಲ್ಲ ಅಂದಿತ್ತು. ತಿಪಟೂರಿನ ಮನೆಯಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದಾಗ ಮಾವನವರು ಬಂದರು.

"ಒಂದು ಸಾಲು ಬಿಟ್ಟುಹೋಗಿದೆ. ಹದಿಮೂರನೇ ವಯಸ್ಸಿನಲ್ಲಿ ನನಗೆ ಮೊದಲ ಉದ್ದ ಷರಾಯಿ ಹೊಲಿಸಿದ್ದು. ಆ ಬಟ್ಟೆ ಅಂಗಡಿಯವರನ್ನ ನೆನೀಬೇಕು."

ಅಂಗಡಿಯ ಹೆಸರಿನ ಕೊನೆಗೆ "& ಸನ್ಸ್" ಅಂತ ಇತ್ತು. ಅವರು ಹೇಳಿದ ಹಾಗೇ ಸೇರಿಸಿ, ಮತ್ತೆ ಪರೀಕ್ಷೆ ಮಾಡದೆ ಎಲ್ಲರಿಗೂ ಕಳಿಸಿ ಮಲಗಿದೆ. ಅಪ್ಪ-ಮಕ್ಕಳ ನಡುವೆ ಕೂತ ಆ ಸುರುಳಿ ಚಿಹ್ನೆಯನ್ನು ಇ-ಪಬ್ಬಿನೊಳಗೆ ಬರಿಮೈಯಲ್ಲಿ ಬಿಡಬಾರದು, ಅದಕ್ಕೊಂದು ಸಂಕೇತದ ಅಂಗಿ ತೊಡಿಸಬೇಕು. ಉದಾರಿ ಆ್ಯಪುಗಳು ನೋಡಿಯೂ ನೋಡದಂತೆ ಮುಂದೆ ಹೋಗುತ್ತವೆ. ಕಟ್ಟುನಿಟ್ಟಿನವು ಆ ಚಿಹ್ನೆ ಕಂಡಲ್ಲಿಗೇ ಪುಸ್ತಕ ನಿಲ್ಲಿಸಿಬಿಡುತ್ತವೆ. ಅಧ್ಯಾಯಕ್ಕೊಂದು ಫೈಲು ಮಾಡುವ ತಾಳ್ಮೆಯಿಲ್ಲದೆ ಇಡೀ ಬದುಕನ್ನು ನಾನು ಒಂದೇ ಫೈಲಿನಲ್ಲಿ ಇಟ್ಟಿದ್ದೆ.

ಮಾರನೇ ದಿನ ವೇದಿಕೆಯ ಮೇಲೆ ಮುಖ್ಯ ಅತಿಥಿ ಎದ್ದು ನಿಂತರು. ಮಾವನವರ ಮೇಲಧಿಕಾರಿಯಾಗಿದ್ದು ನಿವೃತ್ತರಾದವರು, ಶಿಸ್ತಿನ ಮನುಷ್ಯ. ಅವರ ಆ್ಯಪೂ ಶಿಸ್ತಿನದೇ.

"ಇವತ್ತು ಬೆಳಿಗ್ಗೆ ಕಾಫಿ ಕುಡಿಯುವಷ್ಟರಲ್ಲಿ ಓದಿ ಮುಗಿಸಿದೆ" ಅಂದರು. "ಆತ್ಮಕಥೆ ಅಂದರೆ ಹೀಗಿರಬೇಕು. ಎಂಬತ್ತು ದಾಟಿದ ಹಿರಿಯರು, ಹೇಳುವುದಕ್ಕೆ ಎಷ್ಟಿರಲಿಲ್ಲ? ಆದರೂ ಹದಿಮೂರನೇ ವಯಸ್ಸಿಗೆ, ಒಂದು ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ನಿಲ್ಲಿಸಿಬಿಟ್ಟಿದ್ದಾರೆ. ಇದಪ್ಪ ಸಂಯಮ!"

ಚಪ್ಪಾಳೆ. ಮಾವನವರು ಹಾರದ ಸಂದಿಯಿಂದ ನನ್ನನ್ನು ಹುಡುಕುತ್ತಿದ್ದರು. ನಾನು ಅಡುಗೆಯವರ ಹಿಂದೆ, ಅನ್ನದ ಕೊಪ್ಪರಿಗೆಯ ಮರೆಯಲ್ಲಿದ್ದೆ. ಷಡ್ಡಕ ಅಲ್ಲಿಗೂ ಬಂದು, "ಪ್ರಿಂಟಿಂಗ್ ಖರ್ಚು ಈಗಲೂ ನಂದೇ ಭಾವ" ಅಂದು ಹೋದ.

ಊಟದ ಹೊತ್ತಿಗೆ ನನ್ನಾಕೆ ಸಿಕ್ಕಿದಳು. "ಏನಾಯ್ತು ರೀ? ಅವರ ಪುಸ್ತಕದಲ್ಲಿ ಮುಂದಿಂದು ಏನೂ ಇಲ್ವಂತಾ?"

"ಏನೂ ಇಲ್ಲ ಕಣೇ. ನಿಮ್ಮಪ್ಪಂಗೆ ಇನ್ನೂ ಮದುವೆಯೇ ಆಗಿಲ್ಲ. ನೀನು ಹುಟ್ಟೇ ಇಲ್ಲ. ನಾನು ನಿನ್ನ ನೋಡೋಕೆ ಬಂದು ಉಪ್ಪಿಟ್ಟು ತಿಂದಿದ್ದು, ನಮ್ಮ ಮದುವೆ, ಒಂದೂ ನಡೆದಿಲ್ಲ."

ಅವಳು ಒಂದು ಗಳಿಗೆ ಯೋಚನೆ ಮಾಡಿದಳು.

"ಆ ಫೈಲು ನಂಗೂ ಒಂದು ಕಳಿಸಿ ರೀ."